ಸುಟ್ಟ ಗಾಯದ ಸಸ್ಯೌಷಧವೂ ಜೈನ ವೈದ್ಯರ ನಿಲುವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸೀಮೆಯಲ್ಲಿ ಅಡಿಕೆ ಬೇಯಿಸುವ ಕಾಲ ಬಂದಿತೆಂದರೆ, ಕುದಿಯುವ ಚೊಗರು ಮೈಮೇಲೆ ಸಿಡಿಯುವ ಭಯ ಒಲೆಯ ಬಳಿ ನಿಂತವರಿಗೆಲ್ಲ ಇದ್ದದ್ದೇ. ಸಿಂಹನಗದ್ದೆಯಲ್ಲಿ ನಾವು ಆರಾಧಿಸುವ ಯಕ್ಷಿಯೂ ಜ್ವಾಲಾಮಾಲಿನಿಯೇ. ಬೆಂದ ಗಾಯಕ್ಕೆ ಏನನ್ನು ಹಚ್ಚಬೇಕೆಂಬುದು ನಮ್ಮ ಪೂರ್ವಸೂರಿಗಳಿಗೆ ವೈದ್ಯದ ಪ್ರಶ್ನೆಯಷ್ಟೇ ಆಗಿರದೆ ಅಹಿಂಸೆಯ ಪ್ರಶ್ನೆಯೂ ಆಗಿದ್ದಿತು.

ಸುಶ್ರುತಸಂಹಿತೆಯು ಅಗ್ನಿದಗ್ಧವನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧವೆಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಸಮ್ಯಗ್ದಗ್ಧಕ್ಕೆ ವಂಶಲೋಚನ, ಬಸರಿ, ಚಂದನ, ಕಾವಿಮಣ್ಣು, ಅಮೃತಬಳ್ಳಿಗಳನ್ನು ತುಪ್ಪದಲ್ಲಿ ಕಲಸಿದ ಲೇಪ. ಅತಿದಗ್ಧವಾದ ಗಾಯವನ್ನು ಅಮೃತಬಳ್ಳಿಯ ಎಲೆಯಿಂದಲೋ ಜಲಸಸ್ಯಗಳ ಎಲೆಯಿಂದಲೋ ಮುಚ್ಚುವ ಕ್ರಮ. ಗಾಯ ಮಾಯಲು ಜ್ಯೇಷ್ಠಮಧು, ಲೋಧ್ರ, ಸರ್ಜರಸ, ಮಂಜಿಷ್ಠ, ಚಂದನ, ಮೂರ್ವಾಗಳೊಡನೆ ಪಕ್ವಗೊಳಿಸಿದ ಘೃತ. ಇವೆಲ್ಲವೂ ಹೆಚ್ಚಾಗಿ ಕಾಡಿನ ಕೊಡುಗೆಗಳೇ. ಆದರೆ ಅದೇ ಅಧ್ಯಾಯವು ಊರಿನ, ಜೌಗಿನ, ನೀರಿನ ಪ್ರಾಣಿಗಳ ಮಾಂಸವನ್ನು ಅರೆದು ಲೇಪಿಸಲೂ ಹೇಳುತ್ತದೆ. ಆ ಘೃತದಲ್ಲಿ ಜೇನುಮೇಣವೂ ಸೇರಿದೆ.

ಜೈನ ವೈದ್ಯರು ಬೇರೆ ದಾರಿ ಹಿಡಿದದ್ದು ಇಂಥ ಕಡೆಯೇ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು 25 ಪರಿಚ್ಛೇದಗಳ ‘ಕಲ್ಯಾಣಕಾರಕ’ವನ್ನು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿಯೇ ರಚಿಸಿದರು. ಅದಕ್ಕೆ ಸೇರಿಸಿದ ಹಿತಾಹಿತಾಧ್ಯಾಯದಲ್ಲಿ, ಔಷಧಕ್ಕಾಗಿ ಮಾಂಸ ಅಗತ್ಯವಿಲ್ಲವೆಂಬ ತಮ್ಮ ವಾದವನ್ನು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆ ಮಂಡಿಸಿದುದನ್ನು ದಾಖಲಿಸಿದ್ದಾರೆ. ಈ ಗ್ರಂಥವು 1940ರಲ್ಲಿ ಸೊಲ್ಲಾಪುರದಿಂದ ಅಚ್ಚಾಯಿತು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ಕನ್ನಡಕ್ಕೆ ತಂದು, ಇದೇ ನಿಯಮವನ್ನು ಪಾಲಿಸಿದನು.

ಇಲ್ಲಿ ಒಂದು ತೊಡಕನ್ನು ಮುಚ್ಚಿಡಲಾಗದು. ಚರ್ಮದ ಪೂರ್ತಿ ಆಳಕ್ಕೆ ಇಳಿಯದ ಸುಟ್ಟ ಗಾಯಗಳು ಸಾಮಾನ್ಯ ಪಟ್ಟಿಗಿಂತ ಜೇನಿನಿಂದ ನಾಲ್ಕೈದು ದಿನ ಬೇಗ ಮಾಯುತ್ತವೆಂದು 2015ರ ಕಾಕ್ರೇನ್ ಸಮೀಕ್ಷೆ ತಿಳಿಸಿತು. ಮಧುತ್ಯಾಗವನ್ನು ಸಮರ್ಥಿಸಲು ಜೇನಿಗೆ ಗುಣವೇ ಇಲ್ಲವೆನ್ನುವುದು ಸಲ್ಲದು. ವ್ರತದ ಕಾರಣ ಬೇರೆ, ಔಷಧದ ಗುಣ ಬೇರೆ. ನಮ್ಮ ಒಲೆಯ ಮುಂದೆ ಬೆಂದ ಅನ್ಯಮತದ ಆಳಿನ ಮೇಲೆ ನಮ್ಮ ವ್ರತವನ್ನು ಹೇರುವುದಂತೂ ನನಗೆ ಯುಕ್ತವಾಗಿ ಕಾಣದು.

ವ್ರತಧಾರಿಗಳಿಗೆ ಅನ್ಯ ಮಾರ್ಗವೂ ಉಂಟು. ಮುಂಬಯಿಯ ಶಸ್ತ್ರವೈದ್ಯರು ಸುಟ್ಟ ಗಾಯಕ್ಕೆ ಮೊದಲು ಆಲೂಗಡ್ಡೆಯ ಸಿಪ್ಪೆಯ ಪಟ್ಟಿಯನ್ನು ಬಳಸಿ ನೋಡಿದ್ದರು. ಕಂದಮೂಲವೆಂದು ನಮ್ಮಲ್ಲಿ ಅನೇಕರು ಅದಕ್ಕೂ ಹಿಂಜರಿದಾರು! 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಾಳೆಯೆಲೆಯ ಪಟ್ಟಿಯು ಅದಕ್ಕೆ ಸರಿಸಮಾನವೆಂದೂ, ಬಹಳ ಅಗ್ಗವೆಂದೂ ಕಂಡುಬಂದಿತು. ಎಲೆಯಿಂದ ಗಾಯ ಮುಚ್ಚುವ ಸುಶ್ರುತನ ಕ್ರಮವನ್ನು ಇದು ನೆನಪಿಗೆ ತರುತ್ತದೆ. ಆದರೆ ಆಸ್ಪತ್ರೆಯಲ್ಲಿ ಬಳಸಿದ್ದು ಕ್ರಿಮಿರಹಿತಗೊಳಿಸಿದ ಎಲೆ. ಹಿತ್ತಿಲಿನಿಂದ ಕೊಯ್ದು ತಂದುದಲ್ಲ. ಹೊಸ ಗಾಯಕ್ಕೆ ತುಪ್ಪವನ್ನಾಗಲಿ ಸೊಪ್ಪಿನ ರಸವನ್ನಾಗಲಿ ಹಚ್ಚದೆ, 20 ನಿಮಿಷ ತಣ್ಣೀರು ಹರಿಸಿ, ಶುಭ್ರವಾದ ಬಟ್ಟೆ ಮುಚ್ಚಿ, ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಬಸದಿಯ ಪಾಕಶಾಲೆಯ ಗೋಡೆಗೆ ಇಷ್ಟನ್ನು ಬರೆದು ಹಾಕಿಸಲು ಟ್ರಸ್ಟಿಗೆ ದೊಡ್ಡ ಖರ್ಚೇನೂ ಬಾರದು.