ವಂಶವಾಹಿಯೇ ಹಣೆಬರಹವೇ?

“ಅಪ್ಪನ ಗುಣವೇ ಮಗನಿಗೆ”, “ಅದು ಅವರ ರಕ್ತದಲ್ಲೇ ಇದೆ” ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಈಚೆಗೆ ರಕ್ತದ ಬದಲು ‘ಜೀನ್’ ಎನ್ನುತ್ತೇವೆ. ಇಂಥ ಮಾತು ಕಾನೂನಾದಾಗ ಏನಾಯಿತೆಂಬುದನ್ನು ನಾವು ನೆನಪಿಡಬೇಕು.

ವಂಶವಾಹಿ ಶಾಸ್ತ್ರ ಮೊಳೆತದ್ದು ಒಂದು ಮಠದ ತೋಟದಲ್ಲಿ. ಇಂದಿನ ಚೆಕ್ ಗಣರಾಜ್ಯದ ಬ್ರನೋ ನಗರದಲ್ಲಿ ಸಂತ ಅಗಸ್ಟೀನರ ಸಭೆಯ ಗುರು ಗ್ರೆಗರ್ ಮೆಂಡೆಲರು ವರ್ಷಗಟ್ಟಲೆ ಬಟಾಣಿ ಗಿಡ ಬೆಳೆಸಿದರು. ಎತ್ತರ, ಬಣ್ಣ ಮುಂತಾದ ಗುಣಗಳು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಬಗೆಯನ್ನು 1866ರಲ್ಲಿ ಪ್ರಕಟಿಸಿದರು. ಲೋಕ ಅದನ್ನು ಗಮನಿಸಿದ್ದು ಅವರು ತೀರಿಕೊಂಡು 16 ವರ್ಷಗಳಾದ ಮೇಲೆ, 1900ರಲ್ಲಿ. ಬಡತನ, ದಡ್ಡತನ, ದುರ್ನಡತೆಗಳೂ ಬಟಾಣಿಯ ಬಣ್ಣದಂತೆಯೇ ಹುಟ್ಟಿನಿಂದ ಬರುತ್ತವೆಂದು ಕೆಲವು ವಿದ್ವಾಂಸರು ಆಗ ಸಾರತೊಡಗಿದರು.

1924ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯವು ‘ಮಂದಬುದ್ಧಿ’ಯವರೆನಿಸಿದವರಿಗೆ ಬಲವಂತವಾಗಿ ಸಂತಾನಹರಣ ಚಿಕಿತ್ಸೆ ಮಾಡುವ ಕಾನೂನು ತಂದಿತು. ಅದಕ್ಕೆ ಗುರಿಯಾದವಳು ಕ್ಯಾರಿ ಬಕ್ ಎಂಬ ಬಡ ಯುವತಿ. ಸಾಕುಮನೆಯಲ್ಲಿದ್ದಾಗ ಅತ್ಯಾಚಾರಕ್ಕೊಳಗಾಗಿ ತಾಯಿಯಾಗಿದ್ದಳು. ಅವಳು, ಅವಳ ತಾಯಿ, ಅವಳ ಹಸುಗೂಸು ಮೂವರೂ ಮಂದಬುದ್ಧಿಯವರೆಂದು ವಾದಿಸಲಾಯಿತು. 1927ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರಲ್ಲಿ 8 ಮಂದಿ ಕಾನೂನನ್ನು ಎತ್ತಿಹಿಡಿದರು. ಒಪ್ಪದೆ ಉಳಿದವರು ಕಥೋಲಿಕರಾದ ಪಿಯರ್ಸ್ ಬಟ್ಲರ್ ಒಬ್ಬರೇ. ಕ್ಯಾರಿಯ ಶಸ್ತ್ರಚಿಕಿತ್ಸೆ ನಡೆದುಹೋಯಿತು. ಆ ಹಸುಗೂಸು ವಿವಿಯನ್ ಶಾಲೆ ಸೇರಿ, ಚೆನ್ನಾಗಿ ಓದಿ, ಜಾಣ ಮಕ್ಕಳ ಪಟ್ಟಿಯಲ್ಲಿ ಹೆಸರು ಪಡೆದಳು. 1932ರಲ್ಲಿ, 8ರ ಪ್ರಾಯದಲ್ಲಿ, ಕಾಯಿಲೆಯಿಂದ ತೀರಿಕೊಂಡಳು. ಕ್ಯಾರಿಗೆ ಮತ್ತೆ ಮಗುವಾಗಲಿಲ್ಲ.

1930ರಲ್ಲಿ ಜಗದ್ಗುರು 11ನೇ ಪಯಸ್‌ರವರು ವಿವಾಹವನ್ನು ಕುರಿತ ತಮ್ಮ ಪರಿಪತ್ರದಲ್ಲಿ, ಅಪರಾಧ ಮಾಡದವರ ದೇಹದ ಮೇಲೆ ಸರಕಾರಕ್ಕೆ ನೇರ ಅಧಿಕಾರವಿಲ್ಲವೆಂದು ಬೋಧಿಸಿದರು. ಆದರೆ 1933ರಲ್ಲಿ ಜರ್ಮನಿಯ ನಾಜಿ ಸರಕಾರ ಇಂಥದ್ದೇ ಕಾನೂನು ಮಾಡಿ, ಸುಮಾರು 4 ಲಕ್ಷ ಜನರನ್ನು ಈ ಚಿಕಿತ್ಸೆಗೆ ಒಳಪಡಿಸಿತು.

ವಂಶವಾಹಿಗಳಿಗೆ ಶಕ್ತಿಯೇ ಇಲ್ಲವೆಂದು ನಾವು ಹೇಳುತ್ತಿಲ್ಲ. ಫಿನೈಲ್‌ಕೀಟೋನ್ಯೂರಿಯ ಎಂಬ ಕಾಯಿಲೆ ವಂಶವಾಹಿಯಿಂದಲೇ ಬಂದು ಮಗುವಿನ ಬುದ್ಧಿಯನ್ನು ಕುಂಠಿತಗೊಳಿಸುತ್ತದೆ. ಆದರೆ ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಹಚ್ಚಿ ಪಥ್ಯದ ಆಹಾರ ಕೊಟ್ಟರೆ ಅದೇ ಮಗು ಎಲ್ಲರಂತೆ ಓದಿ ಬೆಳೆಯಬಲ್ಲದು. ವಂಶವಾಹಿ ಅದೇ ಇರುತ್ತದೆ. ಆರೈಕೆಯಿಂದ ಬಾಳು ಬದಲಾಗುತ್ತದೆ.

ಆದ್ದರಿಂದ ಪ್ರಿಯರೇ, ಮಗು ಲೆಕ್ಕದಲ್ಲಿ ಹಿಂದುಳಿದಾಗ, ಸೊಸೆಯನ್ನು ನೋಡಲು ಹೋದಾಗ, ನೆರೆಮನೆಯ ಹುಡುಗ ದಾರಿ ತಪ್ಪಿದಾಗ “ಅವರ ವಂಶವೇ ಹಾಗೆ” ಎನ್ನುವ ಮುನ್ನ ವಿವಿಯನ್ಳನ್ನು ನೆನೆಯೋಣ. ದೇವರು ಹೆಸರು ಹಿಡಿದು ಕರೆದ ಮಗುವಿಗೆ ನಾವು ಹಣೆಪಟ್ಟಿ ಹಚ್ಚದಿರೋಣ.