ಬೇರುಶಿಲೀಂಧ್ರ ಮತ್ತು ಅರಣ್ಯ ಸಸಿಪಾಲನೆ

ಬೇರೂ ಶಿಲೀಂಧ್ರವೂ ಕೂಡಿ ಬಾಳುವ ನಂಟಿಗೆ ಮೈಕೊರೈಜಾ ಎಂಬ ಹೆಸರನ್ನು ಜರ್ಮನಿಯ ಸಸ್ಯವಿಜ್ಞಾನಿ ಎ. ಬಿ. ಫ್ರಾಂಕ್ 1885ರಲ್ಲಿ ಕೊಟ್ಟ. ಬೇರುಗೂದಲು ತೂರಲಾರದ ಸಂದಿಗಳಿಗೆ ಶಿಲೀಂಧ್ರದ ಎಳೆಗಳು ನುಗ್ಗಿ ರಂಜಕ, ಸತುವು, ನೀರು ತರುತ್ತವೆ. ಮರ ಬದಲಿಗೆ ಸಕ್ಕರೆ ಕೊಡುತ್ತದೆ. ಕೊಚ್ಚಿ, ತಿರುವನಂತಪುರಗಳ ಹಿಂದಣ ಗುಡ್ಡಗಳಲ್ಲೂ ನಮ್ಮ ಕರಾವಳಿಯಲ್ಲೂ ಈ ಕೊಡುಕೊಳೆಗೆ ಬೆಲೆ ಹೆಚ್ಚು. ಮುರಕಲ್ಲಿನ ಮಣ್ಣಿನಲ್ಲಿರುವ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಬಿಗಿಹಿಡಿಯುವುದರಿಂದ ಹಾಕಿದ ಗೊಬ್ಬರವೂ ಬೇರಿಗೆ ಪೂರ್ತಿ ದಕ್ಕದು.

ತೇಗದ ಬೇರಿನಲ್ಲಿ ಶಿಲೀಂಧ್ರ ಜೀವಕೋಶದ ಒಳಗೇ ಸೇರುತ್ತದೆ. ಹೊರಗೆ ಏನೂ ಕಾಣದು. ಬೇರನ್ನು ಕ್ಷಾರದಲ್ಲಿ ಬೇಯಿಸಿ, ಟ್ರಿಪಾನ್ ಬ್ಲೂ ಬಣ್ಣ ಹಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪುಟ್ಟ ಮರದಂತೆ ಕವಲೊಡೆದ ನೀಲಿ ಎಳೆಗಳು ಕಾಣುತ್ತವೆ. ಪೈನ್, ಧೂಪ, ಕಿರಾಲುಭೋಗಿಗಳದು ಬೇರೆ ಬಗೆ: ಶಿಲೀಂಧ್ರ ಬೇರಿನ ತುದಿಗೆ ಕವಚದಂತೆ ಸುತ್ತಿಕೊಂಡು, ಮಳೆ ಬಿದ್ದಾಗ ನೆಲದ ಮೇಲೆ ಅಣಬೆಯಾಗುತ್ತದೆ. ಮುಂಗಾರಿನ ಮೊದಲ ಮಳೆಗೆ ದಕ್ಷಿಣ ಕನ್ನಡ, ಉಡುಪಿಯವರು ಮಣ್ಣು ಕೆದಕಿ ಆರಿಸುವ ದುಂಡಗಿನ ಕಲ್ಲಣಬೆ ಈ ಜಾತಿಯದೇ. ಪಲ್ಯಕ್ಕೆ ಕೊಳ್ಳುವವರಿಗೆ ಅದು ಕಾಡಿನ ಕೂಲಿಯಾಳೂ ಹೌದೆಂಬುದು ತಿಳಿದಿರುವುದು ಕಡಿಮೆ. ಪಶ್ಚಿಮಘಟ್ಟದಲ್ಲಿ ಧೂಪದ ಕುಟುಂಬದ ಮರದೊಡನೆ ಸಿಕ್ಕ ಪೈಸೊಲಿಥಸ್ ಇಂಡಿಕಸ್ ಎಂಬ ಹೊಸ ಪ್ರಭೇದವನ್ನು 2005ರಲ್ಲಿ ವರ್ಣಿಸಲಾಯಿತು.

ನರ್ಸರಿಯಲ್ಲಿ ಶಿಲೀಂಧ್ರ ಕೂಡಿಸುವುದು ಹಾಲಿಗೆ ಹೆಪ್ಪು ಹಾಕಿದಂತೆ. ತೇಗದ ಬಗೆಯ ಶಿಲೀಂಧ್ರ ಜೀವಂತ ಬೇರಿಲ್ಲದೆ ಬೆಳೆಯದು. ಅದಕ್ಕಾಗಿ ಮರಳುಮಣ್ಣಿನ ಕುಂಡದಲ್ಲಿ ರಾಗಿ, ಜೋಳ ಅಥವಾ ಹುಲ್ಲು ಬೆಳೆಸಿ, ಕೆಲವು ತಿಂಗಳ ಮೇಲೆ ನೀರು ನಿಲ್ಲಿಸಿ, ಬೇರನ್ನು ಕತ್ತರಿಸಿ ಮಣ್ಣಿನೊಡನೆ ಬೆರೆಸುತ್ತಾರೆ. ಈ ಹೆಪ್ಪುಮಣ್ಣನ್ನು ಚೀಲದಲ್ಲಿ ಬೀಜದ ಕೆಳಗೇ ಹಾಕಬೇಕು. ಮೇಲೆ ಉದುರಿಸಿದರೆ ಬೇರಿಗೆ ತಾಗದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಪ್ರಮುಖರು. ಗ್ಲೋಮಸ್ ಬಾಗ್ಯರಾಜಿ ಎಂಬ ಪ್ರಭೇದಕ್ಕೆ ಅವರದೇ ಹೆಸರು. ಕೇರಳದಲ್ಲಿ ಈ ಅಧ್ಯಯನ ಪೀಚಿಯ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ (ಸ್ಥಾಪನೆ 1975) ನಡೆದಿದೆ.

ಫಲ ಎಲ್ಲೆಡೆ ಒಂದೇ ಅಲ್ಲ. ಗಣಿ ಮಣ್ಣಿನಲ್ಲಿ, ಸೋಂಕು ತೆಗೆದ ಸಸಿಮಣ್ಣಿನಲ್ಲಿ ಲಾಭ ಎದ್ದು ಕಾಣುತ್ತದೆ. ಪೋರ್ಟೊರಿಕೊದಲ್ಲಿ ಹೊರಗಿಂದ ತಂದ ಪೈನ್ ಸಸಿಗಳು, ಶಿಲೀಂಧ್ರವಿದ್ದ ಮಣ್ಣು ಬೀಳುವ ತನಕ ಮೇಲೇಳಲೇ ಇಲ್ಲ. ಶಿಲೀಂಧ್ರ ಆಗಲೇ ತುಂಬಿರುವ ಕಾಡುಮಣ್ಣಿನಲ್ಲಿ ಹೆಪ್ಪಿನ ಪೊಟ್ಟಣ ಸುರಿಯುವುದು ದುಡ್ಡು ದಂಡ. ಸೂಪರ್ ಫಾಸ್ಫೇಟ್ ಅತಿಯಾದರೂ ನಂಟು ಸಡಿಲವಾಗುತ್ತದೆ. ತೇಗದ ಹೆಪ್ಪು ಧೂಪಕ್ಕೆ ಆಗದು, ಆದ್ದರಿಂದ ಎಲ್ಲ ಮರಕ್ಕೂ ಆಗುತ್ತದೆಂಬ ಚೀಟಿಯನ್ನು ನಂಬುವಂತಿಲ್ಲ.

ದೊಡ್ಡ ಮರದ ಬುಡದ ಮಣ್ಣನ್ನು ಸಸಿಗೆ ಬೆರೆಸುವುದು ಹಳೆಯ ಉಪಾಯ. ಜಂತುಹುಳು, ಕೊಳೆರೋಗ ಜೊತೆಗೆ ಬರುವ ಭಯವೂ ಅದರಲ್ಲಿದೆ. ಆದರೂ ಧೂಪಕ್ಕೆ ಅದು ಒಗ್ಗುತ್ತದೆ. ಅದರ ಬೀಜ ಬೇಗ ಸತ್ವ ಕಳೆದುಕೊಳ್ಳುವುದರಿಂದ ಆರಿಸಿದ ಕೂಡಲೇ ಬಿತ್ತಬೇಕು. ಬೀಜದ ಬುಟ್ಟಿಯ ಜೊತೆಗೆ ತಾಯಿಮರದ ಬುಡದ ಮಣ್ಣಿಗೂ ಒಂದು ಚೀಲ ಒಯ್ದರೆ ಸಾಕು.