ಪಾದರಸದ ಭಸ್ಮವೂ ನ್ಯಾನೊವಿಜ್ಞಾನವೂ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡಿನ ಬಳಿ ಟಿಬೆಟನ್ ನಿರಾಶ್ರಿತರ ವಸತಿ ಸ್ಥಾಪಿತವಾದುದು 1966ರಲ್ಲಿ. ಗಾಂದೆನ್, ಡ್ರೆಪುಂಗ್ ವಿಹಾರಗಳ ಪರಂಪರೆಯೊಡನೆ ಸೋವಾ ರಿಗ್ಪಾ ಎಂಬ ಟಿಬೆಟನ್ ವೈದ್ಯವೂ ಇಲ್ಲಿ ನೆಲೆಗೊಂಡಿತು. ಲ್ಹಾಸಾದಲ್ಲಿ 1916ರಲ್ಲಿ ಹುಟ್ಟಿ, 1961ರಲ್ಲಿ ಧರ್ಮಶಾಲೆಯಲ್ಲಿ ಪುನಃ ಸ್ಥಾಪಿತವಾದ ಮೆನ್-ತ್ಸೀ-ಖಾಂಗ್ ಸಂಸ್ಥೆಯ ಚಿಕಿತ್ಸಾಲಯವೊಂದು ಇಲ್ಲುಂಟು. ಈ ವೈದ್ಯದ ಕೆಲವು ‘ರತ್ನಗುಳಿಗೆ’ಗಳಲ್ಲಿ ಸೇರುವ ತ್ಸೋತೆಲ್ ಎಂಬ ಪಾದರಸದ ಭಸ್ಮವನ್ನು ನ್ಯಾನೊವಿಜ್ಞಾನದ ಪೂರ್ವರೂಪವೆಂದು ಈಚೆಗೆ ಹೇಳುವುದುಂಟು. ಈ ಮಾತು ಎಷ್ಟರಮಟ್ಟಿಗೆ ಇತಿಹಾಸಸಮ್ಮತವೆಂಬುದನ್ನು ಪರಿಶೀಲಿಸುವುದೇ ನಮ್ಮ ಉದ್ದೇಶ.

ಪಾದರಸವನ್ನು ಶೋಧಿಸಿ, ಗಂಧಕದೊಡನೆಯೂ ಲೋಹಭಸ್ಮಗಳೊಡನೆಯೂ ಅರೆದು ಸಿದ್ಧಪಡಿಸುವ ಈ ಕ್ರಮವನ್ನು 13ನೆಯ ಶತಮಾನದಲ್ಲಿ ಒರ್ಗ್ಯೆನ್ಪ ರಿಂಚೆನ್ ಪಲ್ ಟಿಬೆಟ್ಟಿಗೆ ತಂದನೆಂದು ಪರಂಪರೆ ಹೇಳುತ್ತದೆ. ಆಯುರ್ವೇದದ ರಸಶಾಸ್ತ್ರಕ್ಕೂ ಇದಕ್ಕೂ ನಿಕಟ ಸಾದೃಶ್ಯವಿದೆ. ಆಧುನಿಕ ಪರೀಕ್ಷೆಗಳಲ್ಲಿ ಇದರ ಮುಖ್ಯಾಂಶ ಪಾದರಸದ ಸಲ್ಫೈಡೆಂದೂ, ಅದರಲ್ಲಿ ನ್ಯಾನೊ ಪ್ರಮಾಣದ ಕಣಗಳಿವೆಯೆಂದೂ ಕಂಡುಬಂದಿದೆ.

ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಕಣ ಇಷ್ಟು ಕಿರಿದಾದಾಗ ವಸ್ತುವಿನ ಗುಣವೇ ಬದಲಾಗಬಹುದು. ಹೊನ್ನಿನ ಇಂತಹ ಕಣಗಳು ನೀರಿನಲ್ಲಿ ಕೆಂಪಾಗಿ ತೋರುತ್ತವೆ. 1959ರಲ್ಲಿ ಫೈನ್‌ಮನ್ನರು ಮಾಡಿದ ಉಪನ್ಯಾಸ ಈ ಕ್ಷೇತ್ರಕ್ಕೆ ದಿಕ್ಕು ತೋರಿತು. ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾಯರು 1989ರಲ್ಲಿ ಸ್ಥಾಪಿಸಿದ ಜವಾಹರಲಾಲ್ ನೆಹರೂ ಕೇಂದ್ರ ಇಂತಹ ಸಂಶೋಧನೆಯ ನೆಲೆಗಳಲ್ಲೊಂದಾಯಿತು. ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡದ ಲಿಥಿಯಮ್ ಕಬ್ಬಿಣದ ಫಾಸ್ಫೇಟನ್ನು ಅತಿಸೂಕ್ಷ್ಮ ಕಣಗಳಾಗಿಸಿ, ಇಂಗಾಲ ಲೇಪಿಸಿದುದರಿಂದ ಅದು ಬ್ಯಾಟರಿಗಳಿಗೆ ಒದಗಿತು. ಕೊಬ್ಬಿನ ಕೋಶದೊಳಗೆ ಅಡಗಿಸಿದ ಡಾಕ್ಸೊರುಬಿಸಿನ್ ಎಂಬ ಅರ್ಬುದರೋಗದ ಔಷಧಕ್ಕೆ 1995ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. 2020ರ ಕೆಲವು ಕೋವಿಡ್ ಲಸಿಕೆಗಳೂ ಕೊಬ್ಬಿನ ನ್ಯಾನೊಕಣಗಳನ್ನೇ ವಾಹನವಾಗಿಸಿಕೊಂಡವು.

ಈ ಉದಾಹರಣೆಗಳಲ್ಲಿ ಕಣದ ಅಳತೆ ಉದ್ದೇಶಪೂರ್ವಕವಾದುದು, ಪರಿಣಾಮ ಪರೀಕ್ಷಿತವಾದುದು. ರಸಶಾಸ್ತ್ರಜ್ಞರಾದರೋ ಭಸ್ಮವು ಬೆರಳಿನ ಗೆರೆಗಳಲ್ಲಿ ಸೇರುವುದೇ, ನೀರಿನ ಮೇಲೆ ತೇಲುವುದೇ ಎಂದು ನೋಡುತ್ತಿದ್ದರು. ಅವರ ಕೌಶಲ ನಿರ್ವಿವಾದ. ಆದರೆ ಅವರಲ್ಲಿಲ್ಲದ ಕಲ್ಪನೆಯನ್ನು ಅವರ ಮೇಲೆ ಆರೋಪಿಸುವುದು ಗೌರವವೂ ಅಲ್ಲ, ಇತಿಹಾಸವೂ ಅಲ್ಲ. ಮೇಲಾಗಿ, ಸೂಕ್ಷ್ಮತೆಯು ನಿರಪಾಯತೆಗೆ ಪ್ರಮಾಣವಾಗದು; ಔಷಧವನ್ನು ಒಳಹೊಗಿಸುವ ಸೂಕ್ಷ್ಮತೆಯೇ ವಿಷವನ್ನೂ ಒಳಹೊಗಿಸಬಲ್ಲುದು. ಪಾದರಸದ ಸಲ್ಫೈಡು ನೀರಿನಲ್ಲಿ ಅತ್ಯಲ್ಪವಾಗಿ ಕರಗುವುದು ನಿಜ. ದೀರ್ಘಕಾಲದ ಸೇವನೆಯಿಂದ ಮೂತ್ರಪಿಂಡಗಳಿಗೆ ಏನಾಗುವುದೆಂಬುದನ್ನು ಮಾತ್ರ ಪರೀಕ್ಷೆಯೇ ನಿರ್ಣಯಿಸಬೇಕು. ಭಾರತ ಸರ್ಕಾರವು 2010ರಲ್ಲಿ ಸೋವಾ ರಿಗ್ಪಾಕ್ಕೆ ಮಾನ್ಯತೆ ನೀಡಿರುವುದರಿಂದ ಈ ಹೊಣೆ ಇನ್ನೂ ಹೆಚ್ಚಿದೆ.

2013ರ ಜನವರಿಯಲ್ಲಿ ಡ್ರೆಪುಂಗ್ ವಿಹಾರದಲ್ಲಿ ದಲೈ ಲಾಮಾ ಅವರೂ ಭಿಕ್ಷುಗಳೂ ವಿಜ್ಞಾನಿಗಳೂ ಕಲೆತು ಸಂವಾದ ನಡೆಸಿದರು. ಆ ವಿಹಾರದ ಅಂಗಳದಲ್ಲಿ ಪ್ರತಿವಾದಿಯು ಚಪ್ಪಾಳೆ ತಟ್ಟಿ ಪ್ರಶ್ನಿಸಿದಾಗ ಉತ್ತರ ಕೊಡಲಾರದ ಸಿದ್ಧಾಂತ ನಿಲ್ಲುವುದಿಲ್ಲ. ತ್ಸೋತೆಲ್ಲಿನ ಪರೀಕ್ಷೆಗೂ ಈ ನ್ಯಾಯವೇ ಸಲ್ಲತಕ್ಕದ್ದೆಂದು ನಮಗೆ ತೋರುತ್ತದೆ.